ಕೂರುವುದು ಬೇರೆ, ಹೊಂದುವುದು ಬೇರೆ: ಹಳೆಯ ಅಂಬಾಸಿಡರ್‌ಗೆ ಹೊಸ ಡೆಲ್ಕೊ ಹಾಕಿಸಿದವರಿಗೆ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯ ಕೊಂಡ 1967ರ ಅಂಬಾಸಿಡರ್ ಮಾರ್ಕ್ 2 ಪೆಟ್ರೋಲ್ ಕಾರು ಇಂದಿಗೂ ಓಡುತ್ತಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್‌ನ ಶಾಫ್ಟ್ ಅಲುಗಾಡುತ್ತಿದೆ ಎಂದು ಮೆಕ್ಯಾನಿಕ್ ಹೇಳಿದ್ದರಿಂದ ಕಳೆದ ದೀಪಾವಳಿಯ ನಂತರ ‘ಲೂಕಾಸ್ 25ಡಿ ಮಾದರಿ’ ಎಂಬ ಹೊಸದನ್ನು ಆನ್‌ಲೈನಿನಲ್ಲಿ ತರಿಸಿ ಹಾಕಿಸಿದೆ. ಅಂದಿನಿಂದ ದೇವಿಮನೆ ಘಟ್ಟ ಹತ್ತುವಾಗ ಇಂಜಿನ್ ಟಕಟಕ ಎನ್ನುತ್ತದೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿಸಿದರೂ ಸದ್ದು ಹೋಗಲಿಲ್ಲ. 800 ಕಿ.ಮೀ. ಓಡುವುದರೊಳಗೆ ಪಾಯಿಂಟ್ ಮುಚ್ಚಿಕೊಂಡು ಗಾಡಿ ನಿಲ್ಲುತ್ತದೆ. ವಿಚಿತ್ರವೆಂದರೆ ಪಾಯಿಂಟ್ ಸರಿ ಮಾಡಿಸಿದ ದಿನವೇ ಟಕಟಕ ಜಾಸ್ತಿ. ಮಳೆ ಹಿಡಿದ ಮೇಲೆ ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದೇ ಇಲ್ಲ. ಒಬ್ಬರು ಎಲೆಕ್ಟ್ರಾನಿಕ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ನಮ್ಮ ಮಳೆಗೆ ಅದು ಬಾಳದು ಎನ್ನುತ್ತಾರೆ, ಮೂರನೆಯವರು ಡೀಸೆಲ್ ಇಂಜಿನ್ನನ್ನೇ ಕೂರಿಸಿ ಎನ್ನುತ್ತಾರೆ. ಹಳೆಯ ಡಿಸ್ಟ್ರಿಬ್ಯೂಟರ್ ಅಟ್ಟದ ಮೇಲಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೀವು ವಿಚಿತ್ರವೆಂದು ಬರೆದ ಸಾಲು. ಕಿಡಿ ಹಾರಿಸುವ ಸ್ವಿಚ್ಚಿನಂಥ ಪಾಯಿಂಟಿನ ಗ್ಯಾಪ್ ಕಡಿಮೆಯಾದಂತೆಲ್ಲ ಪಾಯಿಂಟ್ ತಡವಾಗಿ ತೆರೆದುಕೊಳ್ಳುತ್ತದೆ, ಅಂದರೆ ಕಿಡಿಯೂ ತಡವಾಗಿ ಹಾರುತ್ತದೆ. ಕಿಡಿ ತಡವಾದರೆ ನಾಕಿಂಗ್, ಅಂದರೆ ನಿಮ್ಮ ಟಕಟಕ, ಅಡಗುತ್ತದೆ. ಗ್ಯಾಪನ್ನು ಮತ್ತೆ ಸರಿಗೆ ತಂದ ಕೂಡಲೇ ಕಿಡಿ ತನ್ನ ಹಳೆಯ ಜಾಗಕ್ಕೆ ಮರಳಿ ಟಕಟಕ ಕೇಳಿಸುತ್ತದೆ. ಆದ್ದರಿಂದ ನಿಮ್ಮ ಹೊಸ ಡಿಸ್ಟ್ರಿಬ್ಯೂಟರ್‌ನಲ್ಲಿ ಎರಡು ಪ್ರತ್ಯೇಕ ದೋಷಗಳಿವೆ, ಮತ್ತು ಒಂದು ದೋಷ ಇನ್ನೊಂದನ್ನು ಕೆಲವು ದಿನಗಳ ಮಟ್ಟಿಗೆ ಮುಚ್ಚಿಡುತ್ತಿದೆ. ಮಳೆಗಾಲದ ಸ್ಟಾರ್ಟಿಂಗ್ ತೊಂದರೆ ಮೂರನೆಯದು. ಅದರ ಮೂಲ ಬೇರೆ ಕಡೆ ಇರುವ ಸಾಧ್ಯತೆಯೇ ಹೆಚ್ಚು.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರ್ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ, ಡೆಲ್ಕೊ ಎಂದರೆ ಹುಡುಗ ಸ್ಪ್ಯಾನರ್ ಹಿಡಿದು ಬರುತ್ತಾನೆ. ಡೆಲ್ಕೊ ಎನ್ನುವುದು ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಜೊತೆಗಾರನೊಡನೆ ಕಟ್ಟಿದ ಕಂಪನಿಯ ಹೆಸರಿನ ಮೊದಲಕ್ಷರಗಳು. ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿಸಿ ಕಿಡಿ ಹಾರಿಸುವ ಈ ಪದ್ಧತಿಯನ್ನು ಬಳಕೆಗೆ ತಂದವನು ಆತ. ನಿಮ್ಮ ಗಾಡಿಯಲ್ಲಿರುವುದು ಇಂಗ್ಲೆಂಡಿನ ಲೂಕಾಸ್ ವಿನ್ಯಾಸ, ಬಾಯಲ್ಲಿರುವುದು ಅಮೆರಿಕದ ಹೆಸರು. ನಾನೂ ಇನ್ನು ಮುಂದೆ ಡೆಲ್ಕೊ ಎಂದೇ ಬರೆಯುತ್ತೇನೆ.

ಡೆಲ್ಕೊ ಮಾಡುವ ಕೆಲಸ ಮೂರು. ಪಾಯಿಂಟ್ ತೆರೆದು ಕಾಯಿಲ್‌ನ ಕರೆಂಟ್ ಕಡಿದು ಹೈ ಟೆನ್ಷನ್ ಹುಟ್ಟಿಸುವುದು ಒಂದು, ಒಳಗೆ ತಿರುಗುವ ರೋಟರ್ ಮತ್ತು ಮೇಲಿನ ಮುಚ್ಚಳವಾದ ಕ್ಯಾಪ್ ಮೂಲಕ ಅದನ್ನು 1-3-4-2ರ ಸರದಿಯಲ್ಲಿ ಪ್ಲಗ್‌ಗಳಿಗೆ ಹಂಚುವುದು ಇನ್ನೊಂದು. ಈ ಎರಡನ್ನು ಯಾವ ಡೆಲ್ಕೊ ಆದರೂ ಮಾಡೀತು. ಮೂರನೆಯದು, ಇಂಜಿನ್‌ನ ವೇಗ ಹೆಚ್ಚಿದಂತೆ ಕಿಡಿಯನ್ನು ಎಷ್ಟು ಮುಂದಕ್ಕೆ ತರಬೇಕೋ ಅಷ್ಟೇ ತರುವುದು. ಪೆಟ್ರೋಲ್ ಉರಿಯಲು ಬೇಕಾಗುವ ಸಮಯ ಹೆಚ್ಚುಕಡಿಮೆ ಒಂದೇ, ಆದರೆ ಪಿಸ್ಟನ್ ಮಾತ್ರ ಬೇಗಬೇಗ ಮೇಲೆ ಬರುತ್ತದೆ. ಹಾಗಾಗಿ ಕಿಡಿ ಮುಂಚೆಯೇ ಹಾರಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನ ಇಂಜಿನ್‌ಗೆ ಸೆಕೆಂಡಿಗೆ 100 ಕಿಡಿ ಬೇಕು, ಪ್ರತಿಯೊಂದೂ ಅದರ ಡಿಗ್ರಿಯಲ್ಲಿಯೇ ಹಾರಬೇಕು. ಈ ಲೆಕ್ಕವನ್ನು ಪಾಯಿಂಟ್ ಪ್ಲೇಟಿನ ಅಡಿಯಲ್ಲಿರುವ ಎರಡು ತೂಕದ ಬಿಲ್ಲೆಗಳು ಮತ್ತು ಎರಡು ಸಣ್ಣ ಸ್ಪ್ರಿಂಗ್‌ಗಳು ಮಾಡುತ್ತವೆ. ಒಂದು ಮಾದರಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು ಇಲ್ಲಿಯೇ, ಹೊರಗಿನಿಂದ ಕಾಣದ ಜಾಗದಲ್ಲಿ.

ನಿಮ್ಮ ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಬ್ರಿಟನ್ನಿನ ಬಿಎಂಸಿ ಕಾರು ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಅದೇ ಕುಟುಂಬದ 1798 ಸಿಸಿ ಇಂಜಿನ್ 1960ರ ದಶಕದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿತ್ತು, ಅದರ ಮೇಲೂ ಲೂಕಾಸ್ 25ಡಿ4 ಡೆಲ್ಕೊ ಇತ್ತು. ಪುಟ್ಟ ಮಿನಿ ಕಾರಿಗೂ 25ಡಿ4 ಬಂದಿತ್ತು. ಹೊರಮೈ ಅದೇ, ಒಳಗಿನ ಸ್ಪ್ರಿಂಗ್ ಮತ್ತು ಮಿತಿ ಬೇರೆ. ‘25ಡಿ ಮಾದರಿ’ ಎಂಬ ಚೀಟಿ ಹೇಳುವುದು ಇದು ನಿಮ್ಮ ಇಂಜಿನ್‌ನ ರಂಧ್ರದಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ. ನಿಮ್ಮ ಇಂಜಿನ್‌ಗೆ ಹೊಂದುತ್ತದೆ ಎಂಬುದನ್ನಲ್ಲ. ಹೊರದೇಶಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೂ ಇದೇ ಅನುಭವ. ಬಾಷ್ 009 ಎಂಬ, ವ್ಯಾಕ್ಯೂಮ್ (ಇಂಜಿನ್‌ನ ಗಾಳಿಯ ಎಳೆತದಿಂದ ಕಿಡಿಯನ್ನು ಮುಂದೆ ತರುವ ಡಬ್ಬಿ) ಇಲ್ಲದ ಡೆಲ್ಕೊ ಅಗ್ಗವೆಂದೂ ಗಟ್ಟಿಯೆಂದೂ ಎಷ್ಟೋ ಗಾಡಿಗಳಿಗೆ ಏರಿತು; ವ್ಯಾಕ್ಯೂಮ್‌ಗೆಂದೇ ಹೊಂದಿಸಿದ್ದ ಕಾರ್ಬುರೇಟರ್ ಮೇಲೆ ಅದು ಬಂದಾಗ ಆಕ್ಸಿಲರೇಟರ್ ಒತ್ತಿದ ಕ್ಷಣ ಗಾಡಿ ಉಸಿರು ಹಿಡಿದಂತೆ ತಡವರಿಸುವುದು ಸಾಮಾನ್ಯ ದೂರಾಯಿತು. ಆ ಡೆಲ್ಕೊ ಕೆಟ್ಟದ್ದೇನಲ್ಲ, ಅದು ಹೋಗಿ ಕೂತ ಜಾಗ ಅದರದಲ್ಲ.

ಹೀಗಾಗಿ ‘ಹೊರಗಿನ ತಯಾರಿಕೆಯೆಲ್ಲ ಕಸ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ತಿರುಗಿಸಿದ ಶಾಫ್ಟ್, ಬಿಗಿಯಾದ ಬುಷ್ ಇರುವ ನಕಲು ಡೆಲ್ಕೊಗಳನ್ನೂ ನೋಡಿದ್ದೇನೆ, ಒರಿಜಿನಲ್ ಎಂದು ಹೊಸ ಡಬ್ಬಿಯಲ್ಲಿ ಮಾರಿದ ಗುಜರಿ ಮಾಲನ್ನೂ ನೋಡಿದ್ದೇನೆ. ಹೆಸರನ್ನು ಬಿಟ್ಟು ವಸ್ತುವನ್ನು ಓದುವುದನ್ನು ಕಲಿಯಬೇಕು.

ಅಟ್ಟದ ಮೇಲಿನ ಹಳೆಯದನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಹೊರಮೈ ಒರೆಸಿ ಹಗಲು ಬೆಳಕಿನಲ್ಲಿ ನೋಡಿ. ಇಂಗ್ಲೆಂಡಿನ ಲೂಕಾಸ್ ಆಗಿದ್ದರೆ ಮೈಯ ಪಕ್ಕದಲ್ಲಿ ಮಾದರಿಯ ಹೆಸರು, ಐದಂಕಿಯ ಸಂಖ್ಯೆ, ತಯಾರಾದ ವಾರ ಮತ್ತು ವರ್ಷದ ಅಂಕಿಗಳನ್ನು ಒತ್ತಿರುತ್ತಾರೆ. ‘32 66’ ಎಂದಿದ್ದರೆ 1966ರ 32ನೆಯ ವಾರ ಎಂದು ಓದಬೇಕು. 1961ರಲ್ಲಿ ಲೂಕಾಸ್ ಮತ್ತು ಟಿವಿಎಸ್ ಕೂಡಿ ಕಟ್ಟಿದ, ಚೆನ್ನೈ ಪಾಡಿಯ ಲೂಕಾಸ್-ಟಿವಿಎಸ್ ತಯಾರಿಕೆಯಾಗಿದ್ದರೆ ಆ ಹೆಸರೇ ಇರುತ್ತದೆ. ವ್ಯಾಕ್ಯೂಮ್ ಡಬ್ಬಿಯ ಎದುರು ತುದಿಯಲ್ಲಿ ಬೆರಳಿನಿಂದ ತಿರುಗಿಸುವ ಗೀರು ಗೀರಿನ ಸಣ್ಣ ನಟ್ ಇದ್ದರೆ ಅದು ಡಿಎಂ2 ಅಥವಾ 25ಡಿ. ಟೈಮಿಂಗ್ ಅನ್ನು ನವಿರಾಗಿ ಹಿಂದೆಮುಂದೆ ಮಾಡಲು ಇಟ್ಟ ಆ ನಟ್ ಸುಮಾರು 11 ಬಾರಿ ‘ಕ್ಲಿಕ್’ ಎಂದರೆ ಒಂದು ಡಿಗ್ರಿ. ಅದರ ನಂತರದ 45ಡಿಯಲ್ಲಿ ಈ ನಟ್ ಇಲ್ಲ.

ಇನ್ನು ಮುಖ್ಯವಾದ ಎರಡು ಬರಹಗಳು. ವ್ಯಾಕ್ಯೂಮ್ ಡಬ್ಬಿಯ ಮೇಲೆ ಅಡ್ಡಗೆರೆಯ ನಡುವೆ ಮೂರು ಅಂಕಿಗಳಿರುತ್ತವೆ. ಉದಾಹರಣೆಗೆ 5-13-10 ಎಂದಿದ್ದರೆ, ಪಾದರಸದ 5 ಇಂಚು ಎಳೆತಕ್ಕೆ ಡಬ್ಬಿ ಕೆಲಸ ಶುರುಮಾಡಿ 13 ಇಂಚಿಗೆ ಮುಗಿಸುತ್ತದೆ, ಒಟ್ಟು 10 ಡಿಗ್ರಿ ಮುಂದೆ ತರುತ್ತದೆ ಎಂದರ್ಥ. ಎರಡನೆಯದು ಒಳಗಿದೆ. ಪಾಯಿಂಟ್ ಪ್ಲೇಟ್ ಎತ್ತಿದರೆ, ಪಾಯಿಂಟನ್ನು ತೆರೆಯಿಸುವ ಕ್ಯಾಮ್‌ನ ಬುಡದ ತಗಡಿನ ಮೇಲೆ ಒಂದು ಅಂಕಿ ಒತ್ತಿರುತ್ತದೆ, 10 ಅಥವಾ 12 ಅಥವಾ 15 ಎಂದು. ತೂಕದ ಬಿಲ್ಲೆಗಳು ಪೂರ್ತಿ ಅಗಲವಾದಾಗ ಕಿಡಿ ಎಷ್ಟು ಮುಂದೆ ಹೋಗುತ್ತದೆ ಎಂಬುದರ ಮಿತಿ ಅದು. ಆದರೆ ಈ ಡಿಗ್ರಿಗಳೆಲ್ಲ ಡೆಲ್ಕೊ ಶಾಫ್ಟ್‌ನ ಡಿಗ್ರಿಗಳು. ಡೆಲ್ಕೊ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ಸುತ್ತುವುದರಿಂದ ಪುಲ್ಲಿಯ ಮೇಲೆ ನೋಡುವಾಗ ಎರಡರಿಂದ ಗುಣಿಸಬೇಕು. 10 ಎಂದಿದ್ದರೆ ಕ್ರ್ಯಾಂಕ್‌ನಲ್ಲಿ 20, 15 ಎಂದಿದ್ದರೆ 30. ನಿಂತಲ್ಲಿನ ಟೈಮಿಂಗ್ 8ಕ್ಕೆ ಇಟ್ಟಿದ್ದರೆ ಮೊದಲನೆಯದು 28ಕ್ಕೆ ನಿಲ್ಲುತ್ತದೆ, ಎರಡನೆಯದು 38ಕ್ಕೆ ಹೋಗುತ್ತದೆ. ಈ 10 ಡಿಗ್ರಿ ಅಂತರದಲ್ಲಿ ಪಿಸ್ಟನ್ ತೂತಾದ ಇಂಜಿನ್‌ಗಳನ್ನು ನಾನು ಬಿಚ್ಚಿದ್ದೇನೆ.

ಈಗ ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸಿ. ನಕಲಿನಲ್ಲಿ ಮೈಮೇಲೆ ಒತ್ತಿದ ಅಂಕಿಗಳ ಬದಲು ಅಂಟುಚೀಟಿ ಇರುತ್ತದೆ, ಒಳಗಿನ ತಗಡು ಬೋಳಾಗಿರುತ್ತದೆ, ವ್ಯಾಕ್ಯೂಮ್ ಡಬ್ಬಿಯ ಮೇಲೂ ಏನೂ ಇರುವುದಿಲ್ಲ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಸ್ಪ್ರಿಂಗ್‌ಗಳನ್ನು. ಲೂಕಾಸ್‌ನಲ್ಲಿ ಸಾಮಾನ್ಯವಾಗಿ ಒಂದು ಸ್ಪ್ರಿಂಗ್ ತೆಳ್ಳಗೆ, ಇನ್ನೊಂದು ದಪ್ಪ. ದಪ್ಪನೆಯದರ ಕುಣಿಕೆ ಉದ್ದನೆಯ ಮೊಟ್ಟೆಯಾಕಾರದಲ್ಲಿದ್ದು, ನಿಂತಾಗ ಗೂಟದ ಮೇಲೆ ಸಡಿಲವಾಗಿ ಆಡುತ್ತದೆ. ಮೊದಲು ತೆಳ್ಳನೆಯದೊಂದೇ ಬಿಲ್ಲೆಗಳನ್ನು ತಡೆಯುತ್ತದೆ, ವೇಗ ಏರಿದ ಮೇಲೆ ದಪ್ಪನೆಯದು ಬಿಗಿದುಕೊಳ್ಳುತ್ತದೆ. ಆ ಸಡಿಲವನ್ನು ಕಂಡು ‘ಸವೆದಿದೆ’ ಎಂದು ಕುಣಿಕೆಯನ್ನು ಇಕ್ಕಳದಿಂದ ಬಿಗಿ ಮಾಡಿದವರನ್ನೂ ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ. ಅಗ್ಗದ ನಕಲುಗಳಲ್ಲಿ ಎರಡೂ ಸ್ಪ್ರಿಂಗ್ ಒಂದೇ ತೆರನಾಗಿ ತೆಳ್ಳಗಿರುತ್ತವೆ. ಆಗ ನಿಧಾನವಾಗಿ ಏರಬೇಕಾದ ಮುಂಗಡವೆಲ್ಲ, ಅಂದರೆ ಕಿಡಿ ಮುಂದೆ ಬರುವ ಡಿಗ್ರಿಗಳೆಲ್ಲ, 1500–2000 ಸುತ್ತಿನೊಳಗೇ ಬಂದು ಮುಗಿಯುತ್ತದೆ.

ದೇವಿಮನೆ ಘಟ್ಟದಲ್ಲಿ ನೀವು ಗಾಡಿಯನ್ನು ಯಾವ ಸುತ್ತಿನಲ್ಲಿ ಎಳೆಯುತ್ತೀರಿ? ಹೆಚ್ಚೆಂದರೆ ಎರಡನೆಯ ಅಥವಾ ಮೂರನೆಯ ಗೇರ್, ಪೂರ್ತಿ ಒತ್ತಿದ ಆಕ್ಸಿಲರೇಟರ್, ಅದೇ 1500–2000 ಸುತ್ತು. ಸಪಾಟು ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಗಾಡಿ ಘಟ್ಟದ ತಿರುವಿನಲ್ಲಿ ಮಾತ್ರ ಟಕಟಕ ಎನ್ನಲು ಕಾರಣ ಇದು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತುವ ಹಳೆಯ ಪೆಟ್ರೋಲ್ ಜೀಪುಗಳಲ್ಲೂ ಇದೇ ಕಾಯಿಲೆ ನೋಡಿದ್ದೇನೆ. ವ್ಯಾಕ್ಯೂಮ್ ಪೈಪ್ ಮುಚ್ಚಿದರೂ ಪ್ರಯೋಜನ ಆಗದಿರುವುದಕ್ಕೂ ಉತ್ತರ ಇಲ್ಲೇ ಇದೆ: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಇಳಿದುಹೋಗಿ ಡಬ್ಬಿ ತಾನಾಗಿಯೇ ಸುಮ್ಮನಾಗಿರುತ್ತದೆ. ಘಟ್ಟದ ನಾಕಿಂಗ್‌ಗೆ ವ್ಯಾಕ್ಯೂಮ್ ಹೊಣೆಯಲ್ಲ. ಅದನ್ನು ಕಿತ್ತಿಟ್ಟರೆ ಸಪಾಟು ರಸ್ತೆಯ ಮೈಲೇಜ್ ಹಾಳಾಗುವುದಷ್ಟೇ ಲಾಭ. ಮೊದಲು ಅದನ್ನು ಸ್ವಸ್ಥಾನಕ್ಕೆ ಸೇರಿಸಿ. ಡಬ್ಬಿ ಜೀವಂತವಾಗಿದೆಯೇ ಎಂದು ತಿಳಿಯಲು ಪೈಪನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಪಾಯಿಂಟ್ ಪ್ಲೇಟ್ ಸರಿದು, ನಾಲಿಗೆ ತೆಗೆಯುವವರೆಗೂ ಅಲ್ಲಿಯೇ ನಿಲ್ಲಬೇಕು.

ಸ್ಪ್ರಿಂಗ್ ನೋಡಿ ಊಹಿಸುವುದಕ್ಕಿಂತ ಅಳೆಯುವುದು ಲೇಸು. ಪುಲ್ಲಿಯ ವ್ಯಾಸವನ್ನು 3.14ರಿಂದ ಗುಣಿಸಿ 36ರಿಂದ ಭಾಗಿಸಿದರೆ 10 ಡಿಗ್ರಿಗೆ ಎಷ್ಟು ಮಿಲಿಮೀಟರ್ ಎಂದು ಸಿಗುತ್ತದೆ; 130 ಮಿ.ಮೀ. ಪುಲ್ಲಿಗೆ ಅದು ಸುಮಾರು 11.3 ಮಿ.ಮೀ. ಪುಲ್ಲಿಯ ಕಚ್ಚಿನಿಂದ ಆರಂಭಿಸಿ 10, 20, 30, 40ಕ್ಕೆ ಬಿಳಿ ಬಣ್ಣದ ಗೆರೆ ಹಾಕಿ. ಕಚ್ಚಿನ ಯಾವ ಬದಿಗೆ ಹಾಕಬೇಕೆಂಬ ಅನುಮಾನ ಬಂದರೆ ಟೈಮಿಂಗ್ ಮುಂದೆ ತಂದಾಗ ಕಚ್ಚು ಯಾವ ಕಡೆ ಸರಿಯುತ್ತದೆ ನೋಡಿ, ಗೆರೆಗಳು ಅದರ ವಿರುದ್ಧ ಬದಿಗೆ ಬರಬೇಕು. ವ್ಯಾಕ್ಯೂಮ್ ಪೈಪನ್ನು ಅಳತೆಯ ಮಟ್ಟಿಗೆ ಬಿಚ್ಚಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು, ಐಡಲ್‌ನಿಂದ 500 ಸುತ್ತಿಗೊಮ್ಮೆ ಓದಿ ಬರೆದುಕೊಳ್ಳಿ. ಇಂಥ ಇಂಜಿನ್‌ಗಳಲ್ಲಿ ವ್ಯಾಕ್ಯೂಮ್ ಬಿಟ್ಟು ಒಟ್ಟು ಮುಂಗಡ ಸಾಮಾನ್ಯವಾಗಿ 30ರ ಆಸುಪಾಸಿನಲ್ಲಿ, 3000 ಸುತ್ತು ದಾಟಿದ ಮೇಲೆ ಬಂದು ನಿಲ್ಲಬೇಕು. ನಿಮ್ಮದು 2000ಕ್ಕೇ ಅಲ್ಲಿಗೆ ತಲುಪಿದ್ದರೆ ಅಥವಾ 36 ದಾಟಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಪಾಯಿಂಟ್ ಬೇಗ ಮುಚ್ಚಿಹೋಗುವುದರ ಕಾರಣ ಸರಳ. ಕ್ಯಾಮ್‌ಗೆ ತಾಗುವ ಫೈಬರ್ ತುಂಡು ಸವೆಯುತ್ತಿದೆ. ಹೊಸ ಡೆಲ್ಕೊಗಳು ಎಷ್ಟೋ ಬಾರಿ ಒಣ ಕ್ಯಾಮ್‌ನೊಂದಿಗೇ ಬರುತ್ತವೆ, ಹಾಕುವವರೂ ಗ್ರೀಸ್ ಹಚ್ಚುವುದಿಲ್ಲ. ಬೆಂಕಿಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗ್ರೀಸ್ ತೆಗೆದು ಕ್ಯಾಮ್‌ಗೆ ಹಚ್ಚಿ, ಹೆಚ್ಚು ಬೇಡ; ಹೆಚ್ಚಾದದ್ದು ಹಾರಿ ಪಾಯಿಂಟಿನ ಬಾಯಿಗೆ ಕೂರುತ್ತದೆ. ಗ್ರೀಸ್ ಹಚ್ಚಿದ ಮೇಲೂ ಸವೆತ ನಿಲ್ಲದಿದ್ದರೆ ಉಗುರಿನಿಂದ ಕ್ಯಾಮ್ ಸವರಿ ನೋಡಿ. ತರಿತರಿ ತಾಗಿದರೆ ಕ್ಯಾಮ್ ಸರಿಯಾಗಿ ಉಜ್ಜಿಲ್ಲ, ಅದು ಅರದಂತೆ ಕೆಲಸ ಮಾಡುತ್ತಿದೆ. ರೋಟರ್ ತೆಗೆದರೆ ಕಾಣುವ ಸ್ಕ್ರೂ ತಲೆಯ ಮೇಲೆ ಎರಡು ಹನಿ ಇಂಜಿನ್ ಆಯಿಲ್, ಪಾಯಿಂಟ್ ತಿರುಗುವ ಗೂಟಕ್ಕೆ ಒಂದು ಹನಿ, ಪ್ಲೇಟಿನ ಸಂದಿನಿಂದ ಕೆಳಗಿನ ಬಿಲ್ಲೆಗಳಿಗೆ ಎರಡು ಮೂರು ಹನಿ. ಈ ಉಪಚಾರ 5000 ಕಿ.ಮೀ.ಗೊಮ್ಮೆ ಸಾಕು, ಕಡಿಮೆ ಓಡುವ ಗಾಡಿಗೆ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ.

ವಾರಕ್ಕೊಮ್ಮೆ ಪಾಯಿಂಟ್ ಉಜ್ಜಬೇಕು ಎಂಬ ರೂಢಿಯನ್ನು ಬಿಟ್ಟುಬಿಡಿ. ಪದೇ ಪದೇ ಸುಡುವ ಪಾಯಿಂಟ್ ಬೇರೇನನ್ನೋ ಹೇಳುತ್ತಿರುತ್ತದೆ. ಒಂದು ಕಡೆ ಗುಡ್ಡ, ಎದುರು ಕಡೆ ಗುಳಿ ಬಿದ್ದರೆ ಕಂಡೆನ್ಸರ್ ಮೇಲೆ ಅನುಮಾನಪಡಿ; ಅದು ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು. ಎರಡೂ ಕಡೆ ನೀಲಿಗಪ್ಪಾದರೆ ಕಾಯಿಲ್ ಅಳೆಯಿರಿ. ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಗಾಡಿಗೆ ಪ್ರೈಮರಿ ಸುಮಾರು 3 ಓಮ್ ಇರುವ ಕಾಯಿಲ್ ಬೇಕು, ಆಗ ಪಾಯಿಂಟ್ ಮೇಲೆ 4 ಆಂಪಿಯರ್ ಹರಿಯುತ್ತದೆ. ಅಂಗಡಿಯವರು ‘ಇದೂ 12 ವೋಲ್ಟಿನದೇ’ ಎಂದು 1.5 ಓಮ್‌ನ ಬ್ಯಾಲಸ್ಟ್ ಕಾಯಿಲ್ ಕೊಟ್ಟರೆ ಹರಿಯುವುದು 8 ಆಂಪಿಯರ್, ಪಾಯಿಂಟ್ ತಡೆಯುವುದಿಲ್ಲ. ಗ್ಯಾಪ್ 0.014ರಿಂದ 0.016 ಇಂಚು, ಅಂದರೆ 0.35ರಿಂದ 0.40 ಮಿ.ಮೀ. ಇರಲಿ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಫೀಲರ್ ಗೇಜಿನ ಎಣ್ಣೆ ಪಾಯಿಂಟಿಗೆ ಹತ್ತಿರುತ್ತದೆ, ಒಂದು ಬಿಳಿ ಕಾಗದದ ಚೂರನ್ನು ನಡುವೆ ಹಿಡಿದು ಎಳೆದುಬಿಡಿ. ಹೊಸ ಪಾಯಿಂಟಿಗೂ ತುಕ್ಕು ತಡೆಯುವ ಲೇಪ ಇರುತ್ತದೆ, ಪೆಟ್ರೋಲ್ ಬಟ್ಟೆಯಿಂದ ಒರೆಸಿಯೇ ಹಾಕಬೇಕು.

ಪಾಯಿಂಟ್ ಬದಲಿಸುವಾಗ ಆಗುವ ಇನ್ನೊಂದು ತಪ್ಪು ಕಿರುಬೆರಳಿನ ಉಗುರಿನಷ್ಟು ಚಿಕ್ಕ ಜಾಗದಲ್ಲಿದೆ. ಪಾಯಿಂಟ್ ಸ್ಪ್ರಿಂಗ್ ಕೂರುವ ಗೂಟದಲ್ಲಿ ಟೋಪಿಯಂಥ ಪ್ಲಾಸ್ಟಿಕ್ ಬುಷ್ ಇರುತ್ತದೆ. ಕಾಯಿಲ್‌ನಿಂದ ಬರುವ ವೈರು ಮತ್ತು ಕಂಡೆನ್ಸರ್ ವೈರು, ಎರಡರ ಕಣ್ಣುಗಳೂ ಆ ಟೋಪಿಯ ಮೈಗೆ ಸುತ್ತಿಕೊಂಡು ಸ್ಪ್ರಿಂಗ್‌ಗೆ ತಾಗಬೇಕು, ಗೂಟಕ್ಕಾಗಲಿ ನಟ್‌ಗಾಗಲಿ ತಾಗಬಾರದು. ಒಂದು ಕಣ್ಣು ಟೋಪಿಯ ಮೇಲೆ ಕೂತರೂ ಕರೆಂಟ್ ನೇರ ಬಾಡಿಗೆ ಹೋಗಿ ಕಿಡಿಯೇ ಇರುವುದಿಲ್ಲ. ಹಾಗೆಯೇ ಪ್ಲೇಟಿನಿಂದ ಮೈಗೆ ಹೋಗುವ ಬಟ್ಟೆ ಹೊದಿಕೆಯ ಸಣ್ಣ ಅರ್ತ್ ವೈರನ್ನು ಮೆಲ್ಲಗೆ ಎಳೆದು ನೋಡಿ. ವ್ಯಾಕ್ಯೂಮ್ ಪ್ಲೇಟ್ ಆಡಿಸಿ ಆಡಿಸಿ ಒಳಗಿನ ತಾಮ್ರದ ಎಳೆ ತುಂಡಾಗಿದ್ದರೂ ಹೊರಗಿನ ಬಟ್ಟೆ ಹಾಗೆಯೇ ಇರುತ್ತದೆ. ಗುಂಡಿಗೆ ಬಿದ್ದಾಗ ಮಾತ್ರ ಮಿಸ್ ಹೊಡೆಯುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಅಲ್ಲಿಗೆ.

ಮಳೆಗಾಲದ ವಿಷಯಕ್ಕೆ ಬರೋಣ. ಕಾರವಾರದಲ್ಲಿ ಕೆಲಸ ಮಾಡುವ ನನಗೆ ಮಳೆಗಿಂತ ಉಪ್ಪುಗಾಳಿಯದೇ ಹೆಚ್ಚಿನ ಕಾಟ. ಕ್ಯಾಪ್ ಮತ್ತು ವೈರುಗಳ ಮೇಲೆ ಬೇಸಿಗೆಯಿಡೀ ಕೂತ ಉಪ್ಪು ಮತ್ತು ಧೂಳು ಜೂನ್‌ನ ಥಂಡಿ ಹಿಡಿದ ಕೂಡಲೇ ಕರೆಂಟ್ ಹರಿಯುವ ಹಾದಿಯಾಗುತ್ತದೆ. ನಿಮಗೆ ಉಪ್ಪು ಕಡಿಮೆ, ಆದರೆ ತೆರೆದ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುವ ಗಾಡಿಗೆ ಶಿರಸಿಯ ಥಂಡಿ ಮತ್ತು ಬಚ್ಚಲೊಲೆಯ ಹೊಗೆ ಸಾಕು. ಕ್ಯಾಪನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಒಳಗಡೆ ಎರಡು ಕಂಬಗಳ ನಡುವೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಇದೆಯೇ ನೋಡಿ. ಇದ್ದರೆ ಆ ಕ್ಯಾಪ್ ಮುಗಿಯಿತು. ಉಜ್ಜಿದರೂ ಬಣ್ಣ ಬಳಿದರೂ ಮುಂದಿನ ಮಳೆಗೆ ಅದು ಮತ್ತೆ ಅಲ್ಲಿಯೇ ಹರಿಯುತ್ತದೆ. ನಡುವಿನ ಕಾರ್ಬನ್ ತುಂಡು ಸ್ಪ್ರಿಂಗ್ ಮೇಲೆ ಸಲೀಸಾಗಿ ಆಡುತ್ತಿರಬೇಕು. ವೈರುಗಳು ಪಕ್ಕದಿಂದ ಒಳಹೋಗುವ ಹಳೆಯ ಕ್ಯಾಪ್ ಆಗಿದ್ದರೆ ಒಳಗಿನಿಂದ ಚೂಪು ಸ್ಕ್ರೂಗಳು ವೈರಿನ ತಾಮ್ರವನ್ನು ಚುಚ್ಚಿ ಹಿಡಿದಿರುತ್ತವೆ. ಅಂಥ ಕ್ಯಾಪಿಗೆ ಹೊಸ ಕಾರ್ಬನ್ ಎಳೆಯ ವೈರು ಹಾಕಬಾರದು, ಸ್ಕ್ರೂ ಅದರೊಳಗೆ ಗಟ್ಟಿಯಾಗಿ ಕೂರುವುದಿಲ್ಲ. ಕತ್ತಲಾದ ಮೇಲೆ ಬಾನೆಟ್ ಎತ್ತಿ ಇಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹಾಯಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ನಿಮಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ.

ಹೊಸ ಡೆಲ್ಕೊ ಜೊತೆ ಬಂದ ರೋಟರ್ ಮೇಲೂ ನನಗೆ ನಂಬಿಕೆ ಇಲ್ಲ. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ಕಪ್ಪು ರೋಟರ್‌ಗಳಲ್ಲಿ ರಿವೆಟಿನ ಬುಡಕ್ಕೂ ಶಾಫ್ಟಿಗೂ ನಡುವೆ ಉಳಿಯುವ ಪ್ಲಾಸ್ಟಿಕ್ ಬಹಳ ತೆಳು. ಬಿಸಿಯಾದ ಮೇಲೆ ಅಥವಾ ಥಂಡಿಯಲ್ಲಿ ಕಿಡಿ ಅದನ್ನು ಕೊರೆದುಕೊಂಡು ಶಾಫ್ಟಿಗೆ ಇಳಿಯುತ್ತದೆ. ಪರೀಕ್ಷೆ ಹೀಗೆ: ಕ್ಯಾಪ್ ತೆಗೆದು, ಕಾಯಿಲ್‌ನ ನಡುವೈರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ರೋಟರ್‌ನ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಇಡಿ. ಸ್ವಿಚ್ ಹಾಕಿ, ಮುಚ್ಚಿರುವ ಪಾಯಿಂಟನ್ನು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ತೆರೆಯುತ್ತ ಹೋಗಿ. ರೋಟರ್‌ಗೆ ಪ್ರತಿಸಲವೂ ಜೋರಾದ ಕಿಡಿ ಹಾರಿದರೆ ಅದು ಸೋರುತ್ತಿದೆ ಎಂದರ್ಥ. ಒಳ್ಳೆಯ ರೋಟರ್‌ಗೆ ಕರೆಂಟ್ ಹೋಗಲು ದಾರಿಯೇ ಇರಬಾರದು.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮುಂದಿರುವ ದಾರಿಗಳು. ನನ್ನ ಮನಸ್ಸಿರುವುದು ಹಳೆಯದನ್ನು ದುರಸ್ತಿ ಮಾಡಿಸುವ ಕಡೆಗೆ. ಶಾಫ್ಟ್ ಅಲುಗಾಡಿದರೆ ಪಾಯಿಂಟಿನ ಗ್ಯಾಪ್ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಆದರೆ ಸವೆದಿರುವುದು ಹೆಚ್ಚಿನ ಪಾಲು ಬುಷ್. ಅದು ರಂಧ್ರಮಯ ಕಂಚಿನದು, ಎಣ್ಣೆ ಕುಡಿದು ಇಟ್ಟುಕೊಳ್ಳುವಂಥದ್ದು. ಹೊಸ ಬುಷನ್ನು ಹಾಕುವ ಮುಂಚೆ ಇಂಜಿನ್ ಆಯಿಲ್‌ನಲ್ಲಿ ಪೂರ್ತಿ ಮುಳುಗಿಸಿ 24 ಗಂಟೆ ಇಡಬೇಕು, ಅವಸರವಿದ್ದರೆ 100 ಡಿಗ್ರಿಯ ಬಿಸಿ ಎಣ್ಣೆಯಲ್ಲಿ ಎರಡು ಗಂಟೆ ಇಟ್ಟು ಎಣ್ಣೆಯಲ್ಲೇ ಆರಲು ಬಿಡಬೇಕು. ಬಿಗಿಯಾಯಿತೆಂದು ರಂಧ್ರ ಅಗಲಿಸುವ ರೀಮರ್ ಹಾಕಬಾರದು, ರಂಧ್ರಗಳು ಮುಚ್ಚಿ ಬುಷ್ ಒಣಗಿಹೋಗುತ್ತದೆ. ಲೇತ್ ಕೆಲಸದವರಿಗೆ ಈ ಮಾತನ್ನು ಮೊದಲೇ ಹೇಳಿ. ರೀಮರ್ ಹಾಕುವುದು ಅವರ ಅಭ್ಯಾಸ. ಬುಷ್ ಹಾಗೆಯೇ ಚೆನ್ನಾಗಿದ್ದರೆ ಅದನ್ನು ಪೆಟ್ರೋಲ್‌ನಲ್ಲಿ ಅದ್ದಿ ತೊಳೆಯಲೂ ಬೇಡಿ. ಶಾಫ್ಟಿನ ಕೆಳತುದಿಯಲ್ಲಿ ಇಂಜಿನ್‌ಗೆ ಕಚ್ಚಿಕೊಳ್ಳುವ ಡ್ರೈವ್ ಡಾಗ್‌ನ ಪಿನ್ ಹೊಡೆದು ತೆಗೆಯುವ ಮುಂಚೆ ರೋಟರ್ ಯಾವ ಕಡೆಗಿದ್ದಾಗ ಡಾಗ್ ಯಾವ ಕಡೆಗಿತ್ತು ಎಂಬುದರ ಫೋಟೊ ತೆಗೆದುಕೊಳ್ಳಿ. ಡಾಗ್‌ನ ಹಲ್ಲು ನಡುವಿನಿಂದ ಸ್ವಲ್ಪ ಓರೆಗಿರುತ್ತದೆ. ತಿರುಗುಮುರುಗಾಗಿ ಪಿನ್ ಹೊಡೆದರೆ ರೋಟರ್ ಎದುರು ದಿಕ್ಕಿಗೆ ಮುಖ ಮಾಡುತ್ತದೆ, ಗಾಡಿ ಸ್ಟಾರ್ಟ್ ಆಗುವ ಬದಲು ಕಾರ್ಬುರೇಟರಿನಲ್ಲಿ ಕೆಮ್ಮುತ್ತದೆ.

ಹಳೆಯದರ ಶಾಫ್ಟೇ ಸವೆದು ಕೈಬಿಟ್ಟಿದ್ದರೆ, ಹೊಸದರ ಮೈಗೆ ಹಳೆಯದರ ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿ, ಸಾಧ್ಯವಾದರೆ ಕ್ಯಾಮ್ ಕೂಡ ಸಾಗಿಸಿ ಮತ್ತೆ ಪುಲ್ಲಿಯ ಗೆರೆಗಳಲ್ಲಿ ಅಳೆಯಬಹುದು. ಕೆಲಸಕ್ಕೆ ಬರುತ್ತದೆ, ಆದರೆ ಭಾಗಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ಹೊಂದುವುದಿಲ್ಲ. ಹೊಸದರ ಕುತ್ತಿಗೆ ತುಸು ಸಣ್ಣದಿದ್ದು ಕ್ಲ್ಯಾಂಪಿನಲ್ಲಿ ಜಾರುವುದೂ ಉಂಟು. ಆಗ ಕ್ಲ್ಯಾಂಪ್ ಬೋಲ್ಟನ್ನು ಬಲವಾಗಿ ಬಿಗಿದರೆ ಪ್ಲೇಟ್ ಸೊಟ್ಟಗಾಗುತ್ತದೆ ಅಥವಾ ಮೈ ಸೀಳುತ್ತದೆ.

ಎಲೆಕ್ಟ್ರಾನಿಕ್ ಮಳೆಗೆ ಬಾಳದು ಎಂಬುದು ತಪ್ಪು ತಿಳಿವಳಿಕೆ. ಪಾಯಿಂಟಿನ ಜಾಗದಲ್ಲಿ ಕೂರುವ ಮಾಡ್ಯೂಲ್‌ಗಳನ್ನು ರಾಳದಲ್ಲಿ ಮುಚ್ಚಿರುತ್ತಾರೆ, ನೀರಿಗೆ ಅವು ಹೆದರುವುದಿಲ್ಲ. ಮಳೆಯಲ್ಲಿ ಕೈಕೊಡುವುದು ಅದೇ ಕ್ಯಾಪ್, ಅದೇ ರೋಟರ್, ಅದೇ ವೈರು. ಅಮೆರಿಕದ ಪರ್ಟ್ರಾನಿಕ್ಸ್‌ನಂಥವು ರೋಟರ್ ಅಡಿಯಲ್ಲಿ ಅಯಸ್ಕಾಂತದ ಉಂಗುರ ಕೂರಿಸುತ್ತವೆ, ಪಾಯಿಂಟಿನ ಸವೆತದ ಗೋಳು ತಪ್ಪುತ್ತದೆ, ಅಲುಗಾಡುವ ಶಾಫ್ಟನ್ನೂ ಸ್ವಲ್ಪಮಟ್ಟಿಗೆ ಸಹಿಸುತ್ತವೆ. ಆದರೆ ತೂಕದ ಬಿಲ್ಲೆ, ಸ್ಪ್ರಿಂಗ್ ಅವೇ ಉಳಿಯುವುದರಿಂದ ನಿಮ್ಮ ಘಟ್ಟದ ಟಕಟಕ ಇದರಿಂದ ಹೋಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನ 123 ಇಗ್ನಿಷನ್‌ನಂಥ ಪೂರ್ತಿ ಎಲೆಕ್ಟ್ರಾನಿಕ್ ಡೆಲ್ಕೊದಲ್ಲಿ ಬಿಲ್ಲೆಗಳೇ ಇಲ್ಲ, ಸ್ವಿಚ್ ತಿರುಗಿಸಿ 16 ಮುಂಗಡ ರೇಖೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅದು ಸಮಸ್ಯೆಯ ಬುಡಕ್ಕೇ ಹೋಗುತ್ತದೆ, ಬೆಲೆಯೂ ಹಾಗೆಯೇ ಇದೆ.

ಎರಡರಲ್ಲೂ ಒಂದು ಅಪಾಯವನ್ನು ನಾನು ಕೈ ಸುಟ್ಟುಕೊಂಡು ಕಲಿತಿದ್ದೇನೆ. 1960ರ ದಶಕದವರೆಗಿನ ಬ್ರಿಟಿಷ್ ವಿನ್ಯಾಸದ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಹೋಗುತ್ತದೆ. ಕಾರವಾರದ ಹಿರಿಯರೊಬ್ಬರ ಮಾರಿಸ್ ಮೈನರ್‌ಗೆ ಮಾಡ್ಯೂಲ್ ಕೂರಿಸುವಾಗ, ಎಲ್ಲ ಗಾಡಿಗಳಂತೆ ಇದೂ ಎಂದುಕೊಂಡು ಬ್ಯಾಟರಿಯ ಕಡೆ ನೋಡದೆ ವೈರು ಜೋಡಿಸಿದೆ. ಸ್ವಿಚ್ ತಿರುಗಿಸಿದ ಮರುಕ್ಷಣ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಮಾಡ್ಯೂಲಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ನಿಮ್ಮ ಗಾಡಿಯ ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಯಾವ ತುದಿಯದು ಎಂದು ನೋಡಿದ ಮೇಲೆಯೇ ಆರ್ಡರ್ ಮಾಡಿ. ಇಂಜಿನ್ ನಿಲ್ಲಿಸಿ ಸ್ವಿಚ್ ಹಾಗೆಯೇ ಬಿಟ್ಟರೆ ಕೆಲವು ಮಾಡ್ಯೂಲ್‌ಗಳು ಸುಡುತ್ತವೆ, ಬ್ಯಾಟರಿ ತೀರ ಇಳಿದಾಗ ಕೆಲವು ಏಳುವುದೇ ಇಲ್ಲ. ಘಟ್ಟದ ನಡುವೆ ಮಾಡ್ಯೂಲ್ ಸತ್ತರೆ ಅಲ್ಲಿ ದುರಸ್ತಿ ಎಂಬುದಿಲ್ಲ. ಆದ್ದರಿಂದ ಗ್ಯಾಪ್ ಇಟ್ಟು ತಯಾರಾದ ಹಳೆಯ ಪಾಯಿಂಟ್ ಪ್ಲೇಟ್ ಒಂದು, ಕಂಡೆನ್ಸರ್ ಸಮೇತ, ಗ್ಲೋವ್ ಬಾಕ್ಸಿನಲ್ಲಿ ಇರಲೇಬೇಕು.

ಡೀಸೆಲ್ ಇಂಜಿನ್ ಸಲಹೆಗೆ ನಾನು ಹೆಚ್ಚು ಬರೆಯುವುದಿಲ್ಲ. ಎರಡು ಸ್ಪ್ರಿಂಗ್‌ಗಳ ತೊಂದರೆಗೆ ಇಂಜಿನ್ನನ್ನೇ ಇಳಿಸುವ ಅಗತ್ಯವಿಲ್ಲ, ಆರ್‌ಸಿ ಪುಸ್ತಕದ ತಿದ್ದುಪಡಿಯ ಓಡಾಟ ಬೇರೆ.

ಈ ವಾರ ನೀವು ಮಾಡಬಹುದಾದದ್ದು ಇಷ್ಟು. ಅಟ್ಟದಿಂದ ಹಳೆಯದನ್ನು ಇಳಿಸಿ ಅದರ ಮೂರು ಕಡೆಯ ಅಂಕಿಗಳನ್ನು ಬರೆದುಕೊಳ್ಳಿ. ಅದರ ರೋಟರ್ ಮತ್ತು ಕ್ಯಾಪ್ ಬಿರುಕಿಲ್ಲದೆ ಇದ್ದರೆ ತೊಳೆದು ಒಣಗಿಸಿ ಈಗಲೇ ಹೊಸದರ ಮೇಲೆ ಹಾಕಿ ನೋಡಿ, ಬೆಳಗಿನ ಸ್ಟಾರ್ಟಿಂಗ್ ತೊಂದರೆ ಅಷ್ಟರಲ್ಲೇ ತೀರಬಹುದು. ಕ್ಯಾಮ್‌ಗೆ ಗ್ರೀಸ್ ಹಚ್ಚಿ ಗ್ಯಾಪ್ ಇಟ್ಟುಕೊಳ್ಳಿ. ಹಳೆಯದು ದುರಸ್ತಿಯಾಗಿ ಬರುವವರೆಗೆ ಘಟ್ಟ ಹತ್ತಲೇಬೇಕಾಗಿ ಬಂದರೆ ಟೈಮಿಂಗನ್ನು 4 ಡಿಗ್ರಿಯಷ್ಟು ಹಿಂದಕ್ಕೆ ಇಡಿ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಇಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಆದರೆ ಪಿಸ್ಟನ್ ಉಳಿಯುತ್ತದೆ. ಆ ನಟ್‌ನಲ್ಲಿ ಅದು ಸುಮಾರು 44 ಕ್ಲಿಕ್. ನಿಮ್ಮ ಹೊಸದರಲ್ಲಿ ನಟ್ ಇದೆಯೇ ನೋಡಿ. ಇಲ್ಲದಿದ್ದರೆ ನೀವು ತರಿಸಿದ್ದು 25ಡಿಯೇ ಅಲ್ಲ.